ಒರೆಸಿದರೆ ಹೋಗದ್ದು

ಮಂಗಳವಾರ, ಶುಕ್ರವಾರ, ಸಂಜೆ ಆರೂವರೆಗೆ
ಲಿಂಗರಾಜಪುರದ ಫ್ಲೈಓವರ್ ಇಳಿದು ಬರುತ್ತಾಳೆ ಯಾ-ಹ್ವೇ,
ತೈನಾನಿನವಳು. ಬ್ಯಾಟರಿ ಕಂಪನಿಯಲ್ಲಿ
ಡಬ್ಬದೊಳಗಿನ ತೇವ ಅಳೆಯುವ ಕೆಲಸ.
ಅಲ್ಲಿ ಅವಳಿಗೆ ಪದ ಬೇಕಿಲ್ಲ, ಪರ್ಸೆಂಟು ಸಾಕು.

ನನ್ನದು ಮೂವತ್ತೊಂದು ವರ್ಷ ಟ್ರಂಕ್ ಕಾಲ್ ಬೋರ್ಡು,
ಆಮೇಲೆ ಈ ಇಂಗ್ಲಿಷ್ ಪಾಠ, ಗಂಟೆಗೆ ನಾನೂರು.

ಈ ಸಲ ಅವಳು ತಂದದ್ದು ಪುಸ್ತಕವಲ್ಲ, ಜಗಳ.
ಮಲಗುವ ಕೋಣೆಯ ಪಡುವಣ ಗೋಡೆ
ಹಪ್ಪಳದ ಹಾಗೆ ಉಬ್ಬಿ, ಸುಣ್ಣ ಉದುರಿ
ತಲೆದಿಂಬಿನ ಮೇಲೆ ಬೀಳುತ್ತಿದೆ.
‘ಗೋಡೆ ವೆಟ್ ಆಗಿದೆ’ ಅಂತ ಮೆಸೇಜು ಹಾಕಿದ್ದಾಳೆ.
ಓನರ್ ಪದ್ಮರಾಜಯ್ಯನವರ ಉತ್ತರ ಒಂದೇ ಮಾತು:
‘ಒರೆಸಿ.’

ತಪ್ಪು ಅವರದಲ್ಲ ಕಣಮ್ಮ, ಪದದ್ದು, ಅಂದೆ.
ವೆಟ್ ಅಂದರೆ ನೀರು ಹೊರಗಿನಿಂದ ಬಂದು ಕೂತಿದೆ,
ನೆಂಟರ ಹಾಗೆ. ಬಟ್ಟೆ ತಂದರೆ ಎದ್ದು ಹೋಗುತ್ತೆ.
ಡ್ಯಾಂಪ್ ಹಾಗಲ್ಲ,
ಅದು ಅಡ್ವಾನ್ಸ್ ಕೊಟ್ಟು ಒಳಗೇ ಬಾಡಿಗೆಗಿದೆ.

ಮಾಯಿಸ್ಟ್ ಅಂತ ಮಾತ್ರ ಬರೀಬೇಡ, ಅದು ಹೊಗಳಿಕೆ:
ಬೇಕರಿಯ ಪ್ಲಮ್ ಕೇಕಿಗೆ, ನಾಯಿಮರಿಯ ಮೂಗಿಗೆ.
ಅದನ್ನೇ ಗೋಡೆಗೆ ಹೇಳಿದರೆ
ಬಾಡಿಗೆ ಏರಿಸಿಬಿಟ್ಟಾರು!

ಅವಳೇ ತಂದ ಚುರುಮುರಿ ಪೊಟ್ಟಣ
ನಮ್ಮ ಮಾತಿನ ನಡುವೆ ಹಾಗೇ ಉಳಿದಿತ್ತು.
ಈಗ ತಿನ್ನು, ಅಂದೆ. ಅಗಿದಳು. ಸದ್ದೇ ಇಲ್ಲ.
ಇದು ಸೋಗಿ.
ಮುಖ ಕಿವುಚಿಕೊಂಡೇ ಬರೆದುಕೊಂಡಳು.

ಆಮೇಲೆ ಪೆನ್ನಿನ ತುದಿ ಕಚ್ಚಿ ಹೇಳಿದಳು:
ನಮ್ಮಲ್ಲಿ ಇಂಥ ಗೋಡೆಗೆ ‘ಛಾವ್’.
ಛಾವ್ ಅಂದರೆ ಕಡಲಿನ ಉಬ್ಬರ ಕೂಡ.
ಚಳಿ ಮುಗಿದು ತೆಂಕಣ ಗಾಳಿ ತಿರುಗಿದ ದಿನ
ಅಜ್ಜಿಯ ಮನೆಯ ನೆಲ ತಾನಾಗಿ ಬೆವರುತ್ತಿತ್ತಂತೆ,
ಜಾರಿ ಬೀಳದಿರಲೆಂದು
ಅಜ್ಜಿ ಹಳೇ ಪೇಪರು ಹಾಸುತ್ತಿದ್ದಳಂತೆ.
ಆ ಬೆವರಿಗೆ ಅವರಿಟ್ಟ ಹೆಸರು:
ಮರಳಿ ಬಂದ ಉಬ್ಬರ.

ನಾನು ಸುಮ್ಮನಾದೆ.
ಇವಳ ಮನೆಯಿರುವ ಲೇಔಟು
ನಾನು ಲಂಗ ತೊಡುತ್ತಿದ್ದ ಕಾಲಕ್ಕೆ ಕೆರೆ.
ಅಲ್ಲಿ ಎಮ್ಮೆ ಮೀಯಿಸುತ್ತಿದ್ದರು,
ತಾವರೆಯ ಎಲೆ ಕೊಯ್ದು ಹೂವಿನಂಗಡಿಗೆ ಮಾರುತ್ತಿದ್ದರು.
ಮಣ್ಣು ಸುರಿದರು, ಸೈಟು ಹಂಚಿದರು,
ಆರನೇ ಕ್ರಾಸು, ಏಳನೇ ಕ್ರಾಸು ಎಂದು ಹೆಸರಿಟ್ಟರು.
ಕೆರೆಗೆ ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ.

ಇದನ್ನೆಲ್ಲ ಪದ್ಮರಾಜಯ್ಯನವರಿಗೆ ಬರೆಯಲಾದೀತೆ?
ಡ್ಯಾಂಪ್ ಎಂದೇ ಬರೆದೆವು, ಮೂರು ಸಲ.
ಶನಿವಾರ ಮೇಸ್ತ್ರಿ ಬಂದನಂತೆ,
ಗೋಡೆಗೆ ಅಂಗೈ ಒತ್ತಿ, ಮೂಸಿ, ತಲೆಯಾಡಿಸಿ
ಕ್ರೀಮ್ ಬಣ್ಣ ಬಳಿದು ಹೋದನಂತೆ.

ಮುಂದಿನ ಶುಕ್ರವಾರ ಮಳೆ.
ಫ್ಲೈಓವರಿನ ಕೊಳವೆಗಳೆಲ್ಲ ಆಟೋಗಳ ತಲೆಗೆ ಸುರಿಯುತ್ತಿದ್ದವು.
ಏಳೂಕಾಲಿಗೆ ಕಾಲಿಂಗ್ ಬೆಲ್.
ಬಾಗಿಲಲ್ಲಿ ಯಾ-ಹ್ವೇ, ಶೂ ಕೈಯಲ್ಲಿ,
ಕೂದಲಿನಿಂದ ಗಲ್ಲಕ್ಕೆ, ಗಲ್ಲದಿಂದ ಕಾಲೊರೆಸಿಗೆ ನೀರು.
ಇಂಗ್ಲಿಷು ಬರಲಿಲ್ಲ ನನಗೆ.
‘ಅಯ್ಯೋ, ನೆನೆದುಬಿಟ್ಟೆಯಲ್ಲೇ!’ ಅಂದೆ.

ಅದು ಯಾವ ಪದ? ಪಟ್ಟಿಯಲ್ಲಿ ಇಲ್ಲವಲ್ಲ?
ಹೊಸ್ತಿಲು ದಾಟದೆ ಕೇಳುತ್ತಾಳೆ ಹುಡುಗಿ.

ನೆನೆಯುವುದು: ಮೈಯೆಲ್ಲ ತೊಯ್ಯುವುದು.
ಅಕ್ಕಿ, ಅವರೆಕಾಳು ರಾತ್ರಿಯೆಲ್ಲ ನೀರಲ್ಲಿರುವುದು.
ಆಮೇಲೆ, ದೂರ ಇರುವವರನ್ನು ನೆನಪಿಗೆ ತಂದುಕೊಳ್ಳುವುದು.
ಪದ ಒಂದೇ.

ಒಬ್ಬರು ನೆನೆದೆ ಅಂದರೆ
ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಟವೆಲ್ ಕೊಡಬೇಕಾ ಬೇಡವಾ ಅನ್ನುವುದರಿಂದ, ಅಂದೆ.

ನಗಲಿಲ್ಲ ಅವಳು. ಕೈ ಚಾಚಿದಳು.
ಬಹಳ ಹೊತ್ತು ಮುಖ ಒರೆಸಿಕೊಂಡಳು,
ಕೂದಲಿಗಿಂತ ಹೆಚ್ಚು ಹೊತ್ತು ಮುಖವನ್ನೇ.
ನಾನು ಕಾಫಿಗೆ ಹಾಲಿಟ್ಟು ಬಂದೆ.

ಟವೆಲನ್ನು ನೀಟಾಗಿ ಮಡಿಸಿ
ನನ್ನ ಕೈಗಿಟ್ಟು, ಪರೀಕ್ಷೆ ಬರೆದವಳಂತೆ ಹೇಳಿದಳು:
ಡ್ಯಾಂಪ್.

ಸರಿ, ಅಂದೆ.
ಕುರ್ಚಿಯ ಬೆನ್ನಿಗೆ ಹರವಿದೆ.